ಪಾರಿವಾಳದ ಆಕಾಶ

ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ (1982) ಸಿನಿಮಾವನ್ನು ನಾನೂ ಅಣ್ಣನೂ ಮೊದಲು ನೋಡಿದ್ದು ಬಾಡಿಗೆಗೆ ತಂದ ಸವೆದ ವಿಡಿಯೊ ಕ್ಯಾಸೆಟ್‌ನಲ್ಲಿ. ಚಿತ್ರದ ಎರಡೂ ಅಂಚು ಕತ್ತರಿಸಿಹೋಗಿದ್ದವು. ವ್ಯಾಂಜೆಲಿಸ್‌ನ ಸಂಗೀತ ಯಾವುದು, ಮಳೆ ಯಾವುದು, ಟೇಪಿನ ಗೊರಗೊರ ಯಾವುದು ಗೊತ್ತಾಗುತ್ತಿರಲಿಲ್ಲ. ಕೊನೆಗೆ ರಾಯ್ ಬ್ಯಾಟಿ ಮಳೆಯಲ್ಲಿ ಕೂತಲ್ಲೇ ಸಾಯುತ್ತಾನೆ. ಅವನ ಕೈಯಲ್ಲಿದ್ದ ಪಾರಿವಾಳ ಹಾರುತ್ತದೆ, ಸುರಿಯುವ ರಾತ್ರಿಯಿಂದ ನೇರವಾಗಿ ಹಗಲಿನ ತಿಳಿ ಆಕಾಶಕ್ಕೆ. ‘ನೋಡೋ, ಅವನಿಗೆ ಬೆಳಗಾಯ್ತು’ ಅಂದ ಅಣ್ಣ. ನಾನು ನಂಬಿದೆ.

ತೊಯ್ದ ಹಕ್ಕಿ ಹಾರಲೊಲ್ಲದೆ ಆ ಶಾಟನ್ನು ಆಮೇಲೆ ಬೇರೆ ಕಡೆ ತೆಗೆದರಂತೆ. 2007ರ ‘ಫೈನಲ್ ಕಟ್’ನಲ್ಲಿ ಆಕಾಶವನ್ನು ಕಪ್ಪಾಗಿಸಿ ತಪ್ಪು ತಿದ್ದಿದರು. ಹಾರುವ ಕಾರುಗಳ ತಂತಿಗಳನ್ನೂ ಅಳಿಸಿದರು, ಅದು ಒಳ್ಳೆಯದೇ.

ಈಗ ನನ್ನಲ್ಲಿರುವುದು ಅದರ 4ಕೆ ಡಿಸ್ಕ್. ನಿಯಾನ್ ಬೆಳಕಲ್ಲಿ ಒಂದೊಂದು ಹನಿಯೂ ಕಾಣುತ್ತದೆ. ಅಟ್ಮಾಸ್ ಸದ್ದಿನಲ್ಲಿ ಮಳೆ ನೆತ್ತಿಯ ಮೇಲೇ ಬೀಳುತ್ತದೆ. ಹೋದ ತಿಂಗಳು ಬಂದಿದ್ದ ಅಣ್ಣನಿಗೆ ಜಂಬದಿಂದ ಹಾಕಿ ತೋರಿಸಿದೆ. ಬಾಯಿಬಿಟ್ಟುಕೊಂಡು ನೋಡಿದ. ಪಾರಿವಾಳ ಕತ್ತಲೊಳಗೇ ಹಾರಿಹೋಯಿತು.

‘ಬೆಳಗಾಗ್ಲೇ ಇಲ್ವಲ್ಲೋ?’ ಅಂದ.

ಪೆಟ್ಟಿಗೆಯಲ್ಲಿ 1982ರ ಆವೃತ್ತಿಯ ಡಿಸ್ಕೂ ಇತ್ತು. ಹುಡುಕಿ ತೆಗೆದೆ.