ಅತ್ತಿಯವರ ಇನ್ಸುಲಿನ್ನೂ ಹನ್ನೆರಡು ವೋಲ್ಟಿನ ಫ್ರಿಜ್ಜೂ

ಎಂಟು ದಿನಕ್ಕೊಮ್ಮೆ ನಳಾ ಬರೋ ಧಾರವಾಡದ ಓಣ್ಯಾಗ ಸಂಸಾರ ಮಾಡಿದ ಹೆಣ್ಣಮಕ್ಕಳಿಗೆ ಬ್ಯಾಟರಿ ಲೆಕ್ಕಾ ಯಾರೂ ಹೊಸದಾಗಿ ಕಲಸೋದು ಬ್ಯಾಡ. ಟಾಕಿ ಎಷ್ಟು ದೊಡ್ಡದು, ದಿನಾ ಎಷ್ಟು ಕೊಡ ಖರ್ಚು, ನಳಾ ಮತ್ತ ಯಾವತ್ತು ಬರತದ, ಒಂದು ಪಾಳಿ ತಪ್ಪಿದ್ರ ಏನು ಗತಿ, ಈ ನಾಕು ಪ್ರಶ್ನೆ ನಮ್ಮ ತಲ್ಯಾಗ ನಿದ್ದಿಯೊಳಗೂ ತಿರಗತಿರತಾವ. ಕರೆಂಟಿಲ್ಲದ ಕಾಡಿನ್ಯಾಗ ಫ್ರಿಜ್ ನಡಸೋದೂ ಇದ ಲೆಕ್ಕಾ. ಟಾಕಿ ಬದಲಿ ಬ್ಯಾಟರಿ, ನಳದ ಬದಲಿ ಸೋಲಾರ್ ಪ್ಯಾನೆಲ್, ಕೊಡದ ಬದಲಿ ಆಂಪ್-ಅವರ್. ಅಷ್ಟ ಫರಕು.

ಇದನ್ನ ಈಗ ಯಾಕ ಬರೀಲಿಕ್ಕತ್ತೀನಿ ಅಂದ್ರ, ನಾವು ಅಡಿಲೇಡಿನಿಂದ ಫ್ಲಿಂಡರ್ಸ್ ರೇಂಜಸ್‌ಗೆ ಹೋಗಿ ಎಂಟು ದಿನ ಡೇರೆ ಹಾಕಿ ಇದ್ದು ಬಂದ ಫೋಟೋ ನೋಡಿ, ಊರಿಂದ ವೈನಿ, ಮೌಶಿ, ಇಲ್ಲೆ ಬಾಜೂ ಮನಿಯವರು, ಎಲ್ಲಾರೂ ಒಂದ ಮಾತು ಕೇಳಿದ್ರು. "ಅಲ್ಲಾ, ಇನ್ಸುಲಿನ್ ತೊಗೊಳ್ಳೋ ಅತ್ತಿನ್ನ ಹೆಂಗ ಕರಕೊಂಡು ಹೋದಿ? ಅಲ್ಲೆ ಕರೆಂಟ್ ಎಲ್ಲಿಂದ ಬಂತು?" ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೋಕಿಂತ ಒಮ್ಮೆ ಬರದಬಿಡೋದ ಛೊಲೊ ಅನಿಸ್ತು.

ನಮ್ಮ ಅತ್ತಿಯವರಿಗೆ ಎಪ್ಪತ್ತೊಂದು ವರ್ಷ. ಇನ್ಸುಲಿನ್ ಶುರು ಆಗಿ ಒಂಬತ್ತು ವರ್ಷ ಆತು. ಆವತ್ತಿನಿಂದ ಅವರು ಕಾಶಿಗೂ ಹೋಗಲಿಲ್ಲ, ಬದರಿಗೂ ಹೋಗಲಿಲ್ಲ. ಓಣ್ಯಾಗಿನ ಗೆಳತ್ಯಾರು ಬಸ್ಸು ಮಾಡಕೊಂಡು ಹೊಂಟಾಗೆಲ್ಲಾ "ನನ್ನ ಔಷಧಿ ಡಬ್ಬಿ ಯಾರು ಕಾಯಬೇಕು, ನೀವು ಹೋಗಿ ಬರ್ರಿ" ಅಂತ ಬಾಗಲದಾಗ ನಿಂತು ಕಳಸ್ತಿದ್ರು. ಆರು ತಿಂಗಳ ಮಟ್ಟಿಗೆ ನಮ್ಮ ಕಡೆ ಬಂದಾಗ, ಸೆಪ್ಟೆಂಬರ್ ಕೊನಿಯ ಸಾಲಿ ಸೂಟಿಗೆ ನಾವು ಕ್ಯಾಂಪಿಂಗ್ ಅಂದ್ವಿ. ಅವರನ್ನ ಗುರತಿನವರ ಮನ್ಯಾಗ ಬಿಟ್ಟು ಹೋಗೋಣ ಅಂತ ನಮ್ಮನಿಯವರ ವಿಚಾರ. ಅತ್ತಿಯವರು ಚಹಾದ ಕಪ್ಪು ಕೆಳಗ ಇಟ್ಟು, "ಮಂದಿ ಮನ್ಯಾಗ ಕೂತು ಟೀವಿ ನೋಡಲಿಕ್ಕೆ ನಾ ಸಮುದ್ರ ದಾಟಿ ಬಂದೀನೇನು?" ಅಂದ್ರು. ಅಲ್ಲಿಗೆ ಮಾತು ಮುಗೀತು, ಫ್ರಿಜ್ಜಿನ ಹುಡುಕಾಟ ಶುರು ಆತು.

ಮೊದ್ಲ ಇನ್ಸುಲಿನ್ ಏನು ಬೇಡತದ ಅಂತ ತಿಳಕೋಬೇಕು. ಒಡೀಲಾರದ ಪೆನ್ನು 2ರಿಂದ 8 ಡಿಗ್ರಿ ಒಳಗ ಇರಬೇಕು. ಒಮ್ಮೆ ಶುರು ಮಾಡಿದ ಪೆನ್ನು ಭಾಳ ಜಾತಿಯವು 28 ದಿನದ ಸುಮಾರು ಹೊರಗ ಇರತಾವ, ಖರೆ ಸುಡು ಬಿಸಲಾಗ, ಮುಚ್ಚಿದ ಕಾರಿನ್ಯಾಗ ಅಲ್ಲ. ನಿಮ್ಮ ಪೆನ್ನಿಂದು ಎಷ್ಟು ದಿನ, ಎಷ್ಟು ಡಿಗ್ರಿ ಅಂತ ಅದರ ಚೀಟಿ ಓದ್ರಿ, ಡಾಕ್ಟರನ್ನ ಕೇಳ್ರಿ. ಎಲ್ಲಾಕ್ಕಿಂತ ದೊಡ್ಡ ಮಾತು: ಇನ್ಸುಲಿನ್ ಹೆಪ್ಪುಗಟ್ಟಿತಂದ್ರ ಕೆಲಸಾ ಮುಗೀತು. ಕರಗಿದಮ್ಯಾಲೆ ನೋಡಲಿಕ್ಕೆ ಹಂಗ ಕಂಡರೂ ಚೆಲ್ಲಬೇಕು. ಅದಕ್ಕ ಬರ್ಫು ತುಂಬಿದ ಡಬ್ಬಿ, ಇಲ್ಲೆ ಎಸ್ಕಿ ಅಂತಾರ, ಅದು ನಮಗ ಸರಿ ಹೋಗಲಿಲ್ಲ. ಮೊದಲನೇ ದಿನ ಬರ್ಫಿಗೆ ತಾಗಿದ್ದು ಹೆಪ್ಪುಗಟ್ಟತದ, ಮೂರು-ನಾಕು ದಿನಕ್ಕ ಬರ್ಫು ನೀರಾಗಿ ಎಲ್ಲಾ ಬೆಚ್ಚಗಾಗತದ.

ಕಾರಿಗೆ ಹಚ್ಚೋ ಫ್ರಿಜ್ಜಿನ್ಯಾಗ ಮೂರು ಜಾತಿ ಅವ. ಒಂದು, ಕಂಪ್ರೆಸರ್ ಇರಲಾರದ ಅಗ್ಗದ ಕೂಲರ್. ಅದು ಹೊರಗಿನ ಬಿಸಿಗಿಂತ ಸುಮಾರು ಇಪ್ಪತ್ತು ಡಿಗ್ರಿ ಅಷ್ಟ ಇಳಸತದ. ಹೊರಗ 38 ಇದ್ದ್ರ ಒಳಗ 18. ಮ್ಯಾಲೆ, ಪುರಸತ್ತಿಲ್ಲದ ಕರೆಂಟು ಕುಡೀತದ. ಎರಡು, ಗ್ಯಾಸಿನ ಮ್ಯಾಲೂ ನಡಿಯೋ ಫ್ರಿಜ್. ಅದನ್ನ ಸಮಾ ನೆಲದ ಮ್ಯಾಲೆ, ಗಾಳಿ ಆಡೋ ಜಾಗದಾಗ ಇಡಬೇಕು. ಡೇರೆಯೊಳಗ, ಕಾರಿನೊಳಗ ಗ್ಯಾಸ್ ಹಚ್ಚಬಾರದು. ಮೂರು, ನಮ್ಮ ಅಡಗಿಮನಿ ಫ್ರಿಜ್ಜಿನಂಗ ಕಂಪ್ರೆಸರ್ ಇರೋದು, ಖರೆ 12 ವೋಲ್ಟಿಂದು. ಇದು ಎಂಥಾ ಬಿಸಲಾಗೂ 4 ಡಿಗ್ರಿ ಹಿಡೀತದ, ಥಂಡಿ ಆದಮ್ಯಾಲೆ ತಾನ ಬಂದ್ ಆಗತದ. ನಮಗ ಬೇಕಾಗಿದ್ದು ಇದ.

ಅಂಗಡ್ಯಾಗಿನ ಹುಡುಗ ಮೊದಲಿನಿಂದ ಕೊನಿತನಕಾ ನಮ್ಮನಿಯವರ ಮಾರಿ ನೋಡಿಕೋತ ಹೇಳಿದ. 75 ಲೀಟರಿಂದು ತೊಗೊರಿ, ನಾಕು ಮಂದಿಗೆ ಸಣ್ಣದು ಸಾಲಂಗಿಲ್ಲ ಅಂದ. ನಾ ನಡಕ ಬಾಯಿ ಹಾಕಿ, "ಇದು ದಿನಕ್ಕ ಎಷ್ಟು ಆಂಪ್-ಅವರ್ ತಿಂತದ?" ಅಂತ ಕೇಳಿದೆ. ಹುಡುಗ ಒಂದು ಗಳಿಗೆ ಸುಮ್ನಾಗಿ, ಆಮ್ಯಾಲೆ ನನ್ನ ಕಡೆ ತಿರಗಿ ಲೆಕ್ಕಾ ಹೇಳಲಿಕ್ಕೆ ಶುರು ಮಾಡಿದ.

ದೊಡ್ಡ ಫ್ರಿಜ್ ತೊಗೊಂಡ್ರ ದೊಡ್ಡ ಬ್ಯಾಟರಿ ಬೇಕು, ದೊಡ್ಡ ಬ್ಯಾಟರಿ ತುಂಬಲಿಕ್ಕೆ ದೊಡ್ಡ ಪ್ಯಾನೆಲ್ ಬೇಕು. ಅದಕ್ಕ ಅಂಗಡಿಗೆ ಹೋಗೋ ಮೊದ್ಲ ಮನ್ಯಾಗ ಕೂತು, ಯಾವುದಕ್ಕ ಥಂಡಿ ಬೇಕ ಬೇಕು, ಯಾವುದಕ್ಕ ಬ್ಯಾಡ ಅಂತ ಬರಕೋರಿ. ಈ ವಿಷಯದಾಗ ನಮ್ಮ ಕಡೆ ಅಡಗಿ ಮುಂದ ಯಾರೂ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಉಪ್ಪಿನಕಾಯಿ, ಅವಲಕ್ಕಿ, ಚೂಡಾ, ಬ್ಯಾಳಿ, ಉಳ್ಳಾಗಡ್ಡಿ, ಬಟಾಟಿ, ಯಾವುದಕ್ಕೂ ಫ್ರಿಜ್ ಬ್ಯಾಡ. ಹಾಲು, ಮೊಸರು, ಬೆಣ್ಣಿ, ಕೊತಂಬರಿ, ಹಸಿಮೆಣಸಿನಕಾಯಿ, ಎರಡು ದಿನಕ್ಕ ಆಗೋವಷ್ಟು ದ್ವಾಸಿ ಹಿಟ್ಟು, ಇನ್ಸುಲಿನ್, ಇಷ್ಟಕ್ಕ 40 ಲೀಟರ್ ಧಾರಾಳ ಆತು. ರೊಟ್ಟಿ ಬುಟ್ಟಿ ಕಾರಿನ ಹಿಂದಿನ ಸೀಟಿನ ಮ್ಯಾಲೆ ಆರಾಮ ಕೂತಿತ್ತು.

ಈಗ ಲೆಕ್ಕಾ. ನಮ್ಮ ಫ್ರಿಜ್ ಓಡೋವಾಗ ಸುಮಾರು 4 ಆಂಪ್ ಎಳೀತದ. ಪೂರಾ ಹೊತ್ತು ಓಡಂಗಿಲ್ಲ, ತಾಸಿಗೆ ಇಪ್ಪತ್ತು ನಿಮಿಷ ಅಂತ ಹಿಡೀರಿ. 24 ತಾಸಿಗೆ 32 ಆಂಪ್-ಅವರ್ ಆತು. ಇದು ದಿನದ ಖರ್ಚು. ಭಾಳ ಸೆಕಿ ಇದ್ದ್ರ ಇನ್ನೂ ಏರತದ. ಟಾಕಿ ಅಂದ್ರ 100 ಆಂಪ್-ಅವರ್ ಬ್ಯಾಟರಿ. ಇಲ್ಲೊಂದು ಮಾತು ತಲ್ಯಾಗ ಇಟ್ಕೋರಿ: ಹಳೆ ಸೀಸದ ಬ್ಯಾಟರಿ ಅರ್ಧಕ್ಕಿಂತ ಕೆಳಗ ಇಳಿಸಿಕೋತ ಹೋದ್ರ ಲಗೂನ ಹಾಳಾಗತದ. 100 ಅಂತ ಬರದಿದ್ದರೂ ನಿಮ್ಮ ಕೈಗೆ ಬರೋದು 50. ಲಿಥಿಯಂ ಬ್ಯಾಟರಿ 80-90ರತನಕಾ ಕೊಡತದ, ತೂಕಾನೂ ಅರ್ಧ, ರೊಕ್ಕ ಅಷ್ಟ ಜಾಸ್ತಿ. ನಾವು ಲಿಥಿಯಂ ತೊಗೊಂಡ್ವಿ. ಅಂದ್ರ ಸೂರ್ಯಾ ಮಾರಿ ತೋರಿಸದಿದ್ದರೂ ಎರಡೂವರಿ ದಿನ ಫ್ರಿಜ್ಜಿಗೆ ಭಯ ಇಲ್ಲ.

ಇದು ಕಾರಿನ ಬ್ಯಾಟರಿ ಅಲ್ಲ, ಬ್ಯಾರೆ ಎರಡನೇದು. ಕಾರಿನ ಬ್ಯಾಟರಿಗೆ ಫ್ರಿಜ್ ಹಚ್ಚಿ ರಾತ್ರಿ ಮಲಕೊಂಡ್ರ ಮುಂಜಾನೆ ಕಾರು ಚಾಲೂ ಆಗದ ಇರಬಹುದು. ಎರಡಕ್ಕೂ ನಡಕ ಒಂದು ಸಣ್ಣ ಚಾರ್ಜರ್ ಹಾಕಸಬೇಕು. ಕಾರು ಓಡೋವಾಗ ಅದು ಎರಡನೇ ಬ್ಯಾಟರಿ ತುಂಬತದ. ನಮ್ಮದು 25 ಆಂಪಿಂದು, ತಾಸು ಓಡಿಸಿದ್ರ ಹತ್ತತ್ರ 25 ಆಂಪ್-ಅವರ್ ಜಮಾ. ವಾಯರು ದಪ್ಪನ್ನದ ಇರಬೇಕು. ಸಣ್ಣ ಪೈಪಿನ್ಯಾಗ ಮ್ಯಾಲಿನ ಮಾಳಿಗಿಗೆ ನೀರು ಏರಂಗಿಲ್ಲಲ್ಲಾ, ಹಂಗ ಸಣ್ಣ ವಾಯರಿನ್ಯಾಗ ವೋಲ್ಟೇಜು ಸೋರಿ, ಬ್ಯಾಟರಿ ತುಂಬಿದ್ದರೂ ಫ್ರಿಜ್ ಬಂದ್ ಬೀಳತದ.

ನಳಾ ಅಂದ್ರ 160 ವಾಟಿನ ಮಡಚೋ ಪ್ಯಾನೆಲ್. ಛೊಲೊ ಬಿಸಲು ಐದು ತಾಸು ಹಿಡೀರಿ, ಅದರಾಗ ಬಿಸಿ, ಧೂಳು, ವಾಯರು ಅಂತ ರೂಪಾಯಿಗೆ ಮೂವತ್ತು ಪೈಸೆ ಕಳೀರಿ. ದಿನಕ್ಕ 40ರ ಮ್ಯಾಲೆ ಸ್ವಲ್ಪ ಬರತದ. ಖರ್ಚು 32, ಆದಾಯ 40. ಸಂಸಾರ ನಡೀತದ, ಫೋನೂ ದೀಪಾನೂ ಅದರಾಗ ನೀಗತಾವ.

ಇಷ್ಟಾದ ಮ್ಯಾಲೂ ನಾ ಅತ್ತಿಯವರ ಔಷಧಿ ಅದರಾಗ ಇಡಲಿಲ್ಲ. ಮೂರು ದಿನ ಹಿತ್ತಲದಾಗ ಫ್ರಿಜ್, ಬ್ಯಾಟರಿ, ಪ್ಯಾನೆಲ್ ಹಚ್ಚಿ ನಡಸಿ ನೋಡಿದ್ವಿ. ಒಳಗ ಒಂದು ಲೋಟಾ ನೀರಿಟ್ಟು, ಅದರಾಗ ಎಲ್ಲಾಕ್ಕಿಂತ ಕಡಿಮಿ, ಎಲ್ಲಾಕ್ಕಿಂತ ಜಾಸ್ತಿ ಎರಡೂ ನೆನಪಿಡೋ ಥರ್ಮಾಮೀಟರ್ ಬಿಟ್ಟಿದ್ವಿ. ಮ್ಯಾಲಿನ ಬುಟ್ಟ್ಯಾಗ 4-5 ಡಿಗ್ರಿ ತೋರಿಸಿದ್ರ, ತಳದಾಗ ಗ್ವಾಡಿಗೆ ಹತ್ತಿದ ಜಾಗದಾಗ ಸೊನ್ನಿಗೆ ಮುಟ್ಟತಿತ್ತು! ಮ್ಯಾಲೆ ಮುಚ್ಚಳ ಇರೋ ಫ್ರಿಜ್ಜಿನ್ಯಾಗ ಥಂಡಿ ಗಾಳಿ ಕೆಳಗ ಕೂಡತದ. ಅದಕ್ಕ ಇನ್ಸುಲಿನ್ನನ್ನ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ, ಹಳೆ ಸೀರಿ ತುಂಡು ಸುತ್ತಿ, ಮ್ಯಾಲಿನ ಬುಟ್ಟಿ ನಡಕ ಇಟ್ವಿ. ತಳದಾಗ ಹಾಲು. ಈ ಮೂರು ದಿನದ ಪರೀಕ್ಷಾ ಬಿಡಬ್ಯಾಡ್ರಿ. ಡಬ್ಬಿ ಮ್ಯಾಲೆ ತೋರಸೋ ಅಂಕಿ ಒಂದು ಜಾಗದ್ದು ಅಷ್ಟ, ಔಷಧಿ ಇರೋ ಜಾಗದ್ದಲ್ಲ.

ಹೊರಡೋ ಹಿಂದಿನ ದಿನಾನ ಮನಿ ಕರೆಂಟಿಗೆ ಹಚ್ಚಿ ಫ್ರಿಜ್ ಥಂಡಿ ಮಾಡಿ, ಥಂಡಿ ಆದ ಸಾಮಾನ ಅದರಾಗ ತುಂಬಿದ್ವಿ. ಬಿಸಿ ಸಾಮಾನ ಥಂಡಿ ಮಾಡಲಿಕ್ಕೆ ಕರೆಂಟು ಭಾಳ ಹೋಗತದ, ಥಂಡಿ ಇದ್ದದ್ದನ್ನ ಹಂಗ ಇಡಲಿಕ್ಕೆ ಸ್ವಲ್ಪ ಸಾಕು.

ಅಡಿಲೇಡಿನಿಂದ ವಿಲ್ಪೀನಾ ಸುಮಾರು 430 ಕಿಲೋಮೀಟರ್. ಹಾದ್ಯಾಗ ಹಾಕರ್ ಅನ್ನೋ ಸಣ್ಣ ಊರು, ಅಲ್ಲೆ ಒಂದು ಸಣ್ಣ ಆಸ್ಪತ್ರಿ ಅದ ಅಂತ ಮೊದ್ಲ ನೋಡಿ ಇಟ್ಟಿದ್ದೆ. ಆ ಸೀಮಿ ಅಡ್ನ್ಯಾಮತನಾ ಅನ್ನೋ ಮೂಲನಿವಾಸಿಗಳದು. ಬೆಟ್ಟದ ಬಟ್ಟಲಿನಂಥ ವಿಲ್ಪೀನಾ ಪೌಂಡಿಗೆ ಅವರು ಇಕಾರಾ ಅಂತಾರ, ಎಲ್ಲಾರೂ ಕೂಡೋ ಜಾಗಾ ಅಂತ ಅರ್ಥ. ವಿಲ್ಪೀನಾದಾಗ ಕರೆಂಟ್ ಇರೋ ಜಾಗಾನೂ ಸಿಗತಾವ, ಖರೆ ಸೂಟ್ಯಾಗ ತುಂಬಿ ತುಳಕತಾವ. ನಾವು ಒಳಗ ಟ್ರೆಜೋನಾ ಅನ್ನೋ ಹಳ್ಳದ ದಂಡ್ಯಾಗ ಇದ್ವಿ. ಕರೆಂಟ್ ಇಲ್ಲ. ದೊಡ್ಡ ದೊಡ್ಡ ನೀಲಗಿರಿ ಜಾತಿ ಗಿಡಾ. ಅವು ಗಾಳಿ ಇಲ್ಲದಾಗೂ ಟೊಂಗಿ ಉದರಸತಾವ, ಅದಕ್ಕ ಗಿಡದ ಬುಡಕ ಡೇರೆ ಹಾಕಬಾರದು.

ಅಲ್ಲೆ ಪ್ಯಾನೆಲ್ಲಿನ ಯಜಮಾನಕಿ ಅತ್ತಿಯವರ ಕೈಗೆ ಹೋತು. ಭೂಮಿಯ ಈ ಕಡೆ ಸೂರ್ಯಾ ಉತ್ತರಕ್ಕ ವಾಲತಾನ ಅಂತ ಅವರಿಗೆ ಬಂದ ವಾರದಾಗ ಗೊತ್ತಾಗಿತ್ತು, ನಮ್ಮ ಕಟ್ಟಿ ಮ್ಯಾಲೆ ಮೆಣಸಿನಕಾಯಿ ಒಣಗಿ ಹಾಕಿದಾಗ. ಪ್ಯಾನೆಲ್ಲಿನ ಒಂದು ಮೂಲಿಗೆ ಗಿಡದ ನೆರಳು ಬಿದ್ದರೂ ಕರೆಂಟು ಭಾಳ ಇಳೀತದ. ಅವರು ತಾಸಿಗೊಮ್ಮೆ ಕುರ್ಚಿಯಿಂದ ಎದ್ದು ಹೋಗಿ ಅದನ್ನ ಸರಿಸಿ ಬರತಿದ್ರು. ಮಗ "ಕೂಡವ್ವಾ, ನಾ ಮಾಡತೀನಿ" ಅಂದ್ರ, "ಸಂಡಿಗಿ, ಶಾವಿಗಿ, ಹಪ್ಪಳ, ಐವತ್ತು ವರ್ಷ ಬಿಸಲಿನ ಕೂಡ ಸಂಸಾರ ಮಾಡೀನಿ, ನೀ ಸರಿ" ಅಂತಿದ್ರು.

ಮೂರನೇ ದಿನ ಮಾಡಾ ಕಟ್ಟಿತು. ನಾಕನೇ ದಿನಾನೂ ಬಿಡಲಿಲ್ಲ. ಮಾಡದಾಗೂ ಪ್ಯಾನೆಲ್ ಒಂದೀಟು ಕೊಡತದ, ಖರೆ ಹತ್ತರ ಸುಮಾರು ಅಷ್ಟ. ಸಂಜಿಗೆ ಮೀಟರ್ ನೋಡಿದ್ರ 52. ನಮ್ಮನಿಯವರು ವಾಪಸ್ ಹೊರಡೋಣೇನು ಅಂದ್ರು. ಅತ್ತಿಯವರು ಏನೂ ಅನಲಿಲ್ಲ, ಖರೆ ಬ್ಯಾಗಿನ ಕಡೆ ನೋಡಿದ್ರು. ಆ ನೋಟಾ ನಾ ನೋಡಿದ್ದು ಗೊತ್ತದ, ಬಸ್ಸು ಹೊಂಟಾಗ ಬಾಗಲದಾಗ ನಿಂತು ನೋಡೋ ನೋಟಾ. ನಾ ಅಂದೆ, "52 ಅದ, ನಾಳಿಗೆ 32 ಸಾಕು. ನೀರು ತರಲಿಕ್ಕೆ ಹೆಂಗೂ ವಿಲ್ಪೀನಾಕ್ಕ ಹೋಗಬೇಕಲ್ಲ, ನಾಳೆ ಮುಂಜಾನೆ ಹೋಗೋಣ." ಹೋಗೋದು, ಬರೋದು, ನಡಕ ಬೆಟ್ಟಾ ನೋಡಲಿಕ್ಕೆ ಒಂದು ಸುತ್ತು, ಒಂದೂವರಿ ತಾಸು ಗಾಡಿ ಓಡ್ತು. 35ರ ಸುಮಾರು ಜಮಾ ಆತು. ಐದನೇ ದಿನ ಮಧ್ಯಾಹ್ನ ಬಿಸಲೂ ಬಂತು.

ಫ್ರಿಜ್ ಒಂದನ್ನ ನಂಬಿ ಹೋಗಿದ್ದಿಲ್ಲ ನಾವು. ಚಾಲೂ ಇದ್ದ ಪೆನ್ನು ಅತ್ತಿಯವರ ಕೈಚೀಲದಾಗ, ನೀರಾಗ ನೆನಸಿ ಇಡೋ ಬಟ್ಟಿ ಚೀಲದೊಳಗ ಇರತಿತ್ತು. ನಮ್ಮ ಮಣ್ಣಿನ ಕೊಡದ ಯುಕ್ತಿನ ಅದು, ನೀರು ಆರಿಕೋತ ಒಳಗ ತಂಪು. ಜೋಡಿ ಒಂದು ಖಾಲಿ ಥರ್ಮಾಸು, ಡಾಕ್ಟರ ಚೀಟಿ, ಶುಗರ್ ಇಳದ್ರ ಇರಲಿ ಅಂತ ಗ್ಲುಕೋಸ್ ಗುಳಿಗಿ. ಬೆಟ್ಟಾ ಅಡ್ಡಾಡಿದ ದಿನ ಶುಗರ್ ಇಳೀತದ, ಅದನ್ನ ಮರೀಬಾರದು.

ಎಂಟು ದಿನದಾಗ ಥರ್ಮಾಮೀಟರ್ 3ರ ಕೆಳಗ ಇಳೀಲಿಲ್ಲ, 7ರ ಮ್ಯಾಲೆ ಏರಲಿಲ್ಲ. ಮೊಸರು ಕೊನೇ ದಿನದತನಕಾ ಹುಳಿ ಬರಲಿಲ್ಲ. ಮನಿಗೆ ಬಂದ ಮರುದಿನ ಅತ್ತಿಯವರು ಧಾರವಾಡದ ಗೆಳತಿಗೆ ಫೋನ್ ಹಚ್ಚಿ, ಮುಂದಿನ ಸಲ ಬಸ್ಸಿನ್ಯಾಗ ತಮಗೂ ಒಂದು ಸೀಟು ಹಿಡೀರಿ ಅಂದ್ರು. "ಡಬ್ಬಿದು ಏನು ಮಾಡ್ತಿ?" ಅಂತ ಆ ಕಡೆಯಿಂದ ಕೇಳಿರಬೇಕು. "ಅದರ ಲೆಕ್ಕಾ ನನಗ ಬರತದವಾ" ಅಂದ್ರು.

ಇಲ್ಲೆ ಅಡಿಲೇಡಿನ್ಯಾಗ ಯಾರರೆ ಹೊಂಟಿದ್ದ್ರ ಹೇಳ್ರಿ. ಫ್ರಿಜ್ಜು ನಮ್ಮ ಗ್ಯಾರೇಜಿನ್ಯಾಗ ಖಾಲಿ ಕೂತದ, ಬ್ಯಾಟರಿ ಸಮೇತ ಒಯ್ಯರಿ. ತಿರಗಿ ಕೊಡೋವಾಗ ಮಾತ್ರ ಉಳ್ಳಾಗಡ್ಡಿ ವಾಸನಿ ಹೊಡೀಬಾರದು ನೋಡ್ರಿ, ಅತ್ತಿಯವರು ಮೂಸಿ ನೋಡೇ ಒಳಗ ಇಡತಾರ.