ಮಗ್ಗುಲು ಬದಲಿಸುವ ವಿದ್ಯೆ

ಮಯ್ಯತ್ತಿಗೆ ಸ್ನಾನ ಮಾಡಿಸುವ ಕ್ರಮವನ್ನು ನಾನು ಹದಿನೈದನೆಯ ವಯಸ್ಸಿನಲ್ಲೇ ಕಲಿತೆ. ಬಲಭಾಗದಿಂದ ಹೇಗೆ ಆರಂಭಿಸಬೇಕು, ಕಫನ್ ಬಟ್ಟೆಯನ್ನು ಹೇಗೆ ಹಾಸಬೇಕು ಎಂಬುದನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತೇನೆ. ಆದರೆ ಉಸಿರಿರುವ ರೋಗಿಯನ್ನು ನೋವಾಗದಂತೆ ಮಗ್ಗುಲು ಬದಲಿಸುವ ಬಗೆಯನ್ನು ಮದ್ರಸದಲ್ಲಾಗಲಿ ಕಾಲೇಜಿನಲ್ಲಾಗಲಿ ನನಗೆ ಯಾರೂ ಕಲಿಸಿರಲಿಲ್ಲ. ಅದರ ಬೆಲೆ ತೆತ್ತವರು ನನ್ನ ಅಬ್ಬಾ.

ಅಬ್ಬಾ ತಿಪಟೂರಿನಲ್ಲಿ ಮೂವತ್ತು ವರ್ಷ ಕೊಬ್ಬರಿ ವಿಂಗಡಿಸಿದವರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಉಂಡೆ ಕರಟ ಬಿಟ್ಟಿದೆಯೇ ಎಂದು ಹೇಳಬಲ್ಲವರು. ಹೊಗೆಸೊಪ್ಪಿನಿಂದ ಬಾಯಿಯಲ್ಲಿ ಹುಣ್ಣಾಯಿತು, ಹುಣ್ಣು ಕ್ಯಾನ್ಸರಾಯಿತು. ‘ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದೊಯ್ಯಿರಿ’ ಎಂದ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಏಕೆ, ಹೇಗೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅದು ಅಫೀಮಿನಿಂದಾದ ಮದ್ದೆಂದು ನಾನು ಓದಿದ್ದೆ. ಮನೆಯಲ್ಲಿ ದೀನೀ ವಿದ್ಯೆ ಕಲಿತವನು ನಾನೊಬ್ಬನೇ. ಕೊನೆಗಾಲದಲ್ಲಿ ನಾಲಿಗೆಯ ಮೇಲೆ ಕಲಿಮಾ ಇರಬೇಕಾದವರಿಗೆ ಮತ್ತು ಬರಿಸುವುದೇ? ಸಬ್ರ್ ವಹಿಸೋಣ ಎಂದು ಮಾತ್ರೆಗಳನ್ನು ಬೀರುವಿನಲ್ಲಿಟ್ಟೆ. ಹದಿನೆಂಟು ದಿನ ಅಬ್ಬಾ ನೋವಿಗೆ ಗೋಡೆ ಪರಚಿದರು. ಎಂದೂ ತಪ್ಪದ ನಮಾಝ್ ತಪ್ಪಿತು. ಸಬ್ರ್‌ನ ಮಾತು ನನ್ನದು, ನೋವು ಅವರದು.

ಕೊನೆಗೆ ಆಪಾ, ನನ್ನನ್ನು ಕೇಳದೆ, ಆಸ್ಪತ್ರೆಯ ನರ್ಸೊಬ್ಬರಿಗೆ ಫೋನ್ ಮಾಡಿದರು. ಆ ಹೆಣ್ಣುಮಗಳು ಅರ್ಧ ಗಂಟೆ ತಿಳಿಸಿ ಹೇಳಿದಳಂತೆ: ನೋವು ಏರುವವರೆಗೆ ಕಾಯದೆ, ಬರೆದುಕೊಟ್ಟ ಪ್ರಮಾಣವನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಿ, ಮಲಬದ್ಧತೆಯಾಗುತ್ತದೆ, ಅದಕ್ಕೂ ವೈದ್ಯರಿಂದ ಮದ್ದು ಬರೆಸಿಕೊಳ್ಳಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಒಣಗಿದ ತುಟಿಗೆ ಒದ್ದೆ ಹತ್ತಿ ಸವರಿ. ಮೊದಲ ದಿನ ಅಬ್ಬಾ ಮಂಪರಿನಲ್ಲಿದ್ದರು. ನಾನು ಆಪಾ ಮೇಲೆ ಸಿಡುಕಿದೆ. ಮೂರನೆಯ ಫಜ್ರ್ ಹೊತ್ತಿಗೆ ಅವರೇ ತಯಮ್ಮುಮ್ ಮಾಡಿಸೆಂದು ಸನ್ನೆ ಮಾಡಿ, ಮಲಗಿದಲ್ಲೇ ನಮಾಝ್ ನಿರ್ವಹಿಸಿದರು. ಆಮೇಲೆ ತೊದಲುತ್ತಾ ಕೇಳಿದ್ದು: ‘ಕೊಬ್ಬರಿ ರೇಟೆಷ್ಟು?’

ಅವರ ಪ್ರಜ್ಞೆಯನ್ನು ಕಸಿದಿದ್ದು ನೋವು, ಮರಳಿಸಿದ್ದು ಮದ್ದು. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಪ್ರವಾದಿ(ಸ)ರು ತಿಳಿಸಿದ್ದನ್ನು ನಾನೇ ಪಾಠ ಮಾಡಿದ್ದೆ. ಅನಿವಾರ್ಯತೆಗೆ ಸಿಲುಕಿದವನಿಗೆ ಕುರ್‌ಆನ್ ನೀಡಿರುವ ರಿಯಾಯಿತಿಯನ್ನೂ ಬಲ್ಲೆ. ಬಲ್ಲದ್ದು ಅಬ್ಬಾರ ಮಂಚದ ಬಳಿ ನೆನಪಾಗಲಿಲ್ಲ.

ಇದಕ್ಕೆ ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್ ಎಂಬ ಹೆಸರಿದೆಯೆಂದು ತಿಳಿದದ್ದು ಅವರ ಕಾಲಾನಂತರ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಮಾರ್ಫಿನ್ ನಿಯಮಗಳನ್ನು ಕೇಂದ್ರವು 2014ರ ತಿದ್ದುಪಡಿಯಲ್ಲಿ ಸಡಿಲಿಸಿತು. ಮಲಪ್ಪುರಂನಲ್ಲಂತೂ ತರಬೇತಿ ಪಡೆದ ನೆರೆಹೊರೆಯವರೇ ರೋಗಿಯ ಮನೆಗೆ ಹೋಗುತ್ತಾರೆ. ರೋಗಿಯ ಸಂದರ್ಶನ ಸುನ್ನತ್ ಎನ್ನುವ ನಾವು ಹಣ್ಣು ಕೊಟ್ಟು, ದುಆ ಮಾಡಿ, ಐದು ನಿಮಿಷದಲ್ಲಿ ಏಳುತ್ತೇವೆ.

ಕಳೆದ ತಿಂಗಳು ಮದ್ರಸದಲ್ಲಿ ನರ್ಸೊಬ್ಬರನ್ನು ಕರೆಸಿದ್ದೆವು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಆಶಾ ಕಾರ್ಯಕರ್ತೆಯರೂ ಮನೆಗಳ ಹೆಣ್ಣುಮಕ್ಕಳೂ ಬಂದಿದ್ದರು. ಗಂಡಸರು ಕಡಿಮೆ. ಚಾಪೆಯ ಮೇಲೆ ನಾನು ರೋಗಿಯಾಗಿ ಮಲಗಿದೆ. ಆಪಾ ಹಾಸುಬಟ್ಟೆ ಎಳೆದು ನನ್ನನ್ನು ಮಗ್ಗುಲಿಗೆ ಹೊರಳಿಸಿ ತೋರಿಸಿದರು. ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: ‘ಮೌಲಾನಾ, ಆ ಮಾತ್ರೆ ಹರಾಮಲ್ಲವೇ?’ ನಾನು ಎದ್ದು ಕುಳಿತು, ಬೀರುವಿನಿಂದಲೇ ಆರಂಭಿಸಿದೆ.