ಗಾಯ ಕಾಣದ ನೋವು

“ಮೈಮೇಲೆ ಕೈ ಮಾಡಿಲ್ಲವಲ್ಲ, ಮತ್ತೇನು ಹಿಂಸೆ?” ಎಂದು ಕೇಳುವವರನ್ನು ನೀವೂ ಕಂಡಿರುತ್ತೀರಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ಮಾತು ನನಗೆ ಮನದಟ್ಟಾಗಿದೆ: ಕೊಡಬೇಕಾದ್ದನ್ನು ಕೊಡದಿರುವುದೂ ಹೊಡೆತವೇ.

ನಮ್ಮ ಬೀದಿಯ ಅಜ್ಜಿಯೊಬ್ಬರ ಕನ್ನಡಕ ಒಡೆದು ಆರು ತಿಂಗಳಾಗಿತ್ತು. ತೀರಿಕೊಂಡ ಯಜಮಾನರ ಪಿಂಚಣಿ ತಿಂಗಳು ತಿಂಗಳೂ ಬರುತ್ತಿತ್ತು, ಮಗನ ಕೈ ಸೇರುತ್ತಿತ್ತು. ಬಿ.ಪಿ. ಮಾತ್ರೆ ಮುಗಿದರೆ “ಮುಂದಿನ ವಾರ ತಂದರಾಯ್ತು.” ನೆಂಟರು ಬಂದರೆ ಅಜ್ಜಿ ಒಳಕೋಣೆಗೆ. ಊಟಕ್ಕೆ ಕೊರತೆ ಮಾಡಿರಲಿಲ್ಲ, ಒಂದೇಟೂ ಹೊಡೆದಿರಲಿಲ್ಲ.

“ನಮ್ಮತ್ತೆಗೆ ಏನು ಕಮ್ಮಿ ಮಾಡಿದ್ದೀವಿ, ನೀವೇ ಹೇಳಿ ಅಕ್ಕಾ” ಎಂದಳು ಸೊಸೆ.

“ಕನ್ನಡಕ ಕಮ್ಮಿ, ಮಾತ್ರೆ ಕಮ್ಮಿ, ಮಾತು ಕಮ್ಮಿ ಕಣಮ್ಮಾ” ಎಂದೆ.

ಎರಡು ತಿಂಗಳು ಅವಳು ನನ್ನೊಡನೆ ಮಾತು ಬಿಟ್ಟಳು. ಬಿಡಲಿ! ಕನ್ನಡಕವಂತೂ ಆ ವಾರವೇ ಬಂತು.

ತಂದೆತಾಯಿಗೆ ಊಟ, ಬಟ್ಟೆ, ವಸತಿಯಷ್ಟೇ ಅಲ್ಲ, ಔಷಧೋಪಚಾರವೂ ಸಲ್ಲಬೇಕೆಂದು 2007ರ ಹಿರಿಯ ನಾಗರಿಕರ ಕಾಯಿದೆ ಹೇಳುತ್ತದೆ. ಅವರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡರೆ ಜೈಲುಶಿಕ್ಷೆಯೂ ಆಗಬಹುದು.

ಮಕ್ಕಳ ವಿಷಯವೂ ಹೀಗೆಯೇ. “ದಡ್ಡ ಮುಂಡೇದು, ಯಾಕಾದರೂ ಹುಟ್ಟಿದೆಯೋ” ಎಂದು ದಿನಾ ಅನ್ನಿಸಿಕೊಳ್ಳುವ ಮಗುವಿನ ಬೆನ್ನಮೇಲೆ ಬಾಸುಂಡೆ ಹುಡುಕಿದರೆ ಸಿಕ್ಕೀತೆ? ಶಾಲೆಯಲ್ಲಿ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ ಮಾತ್ರ ಅದು ಬುದ್ಧಿ ಹೇಳುವುದು ಹೇಗಾದೀತು?

ಇನ್ನೊಂದು ಮಾತು, ಸಂಕೋಚ ಬಿಟ್ಟೇ ಬರೆಯುತ್ತೇನೆ. ಮಗು “ಆ ಮಾಮನ ಹತ್ತಿರ ಹೋಗಲ್ಲ” ಎಂದರೆ “ದೊಡ್ಡವರಿಗೆ ಹಾಗನ್ನಬಾರದು” ಎಂದು ಬಾಯಿ ಮುಚ್ಚಿಸಬೇಡಿ. 2012ರ ಪೋಕ್ಸೊ ಕಾಯಿದೆಯ ರಕ್ಷಣೆ 18 ವರ್ಷದೊಳಗಿನ ಹುಡುಗಿಯರಿಗೂ ಉಂಟು, ಹುಡುಗರಿಗೂ ಉಂಟು. ಕೆಟ್ಟ ಉದ್ದೇಶದಿಂದ ಮುಟ್ಟುವುದಷ್ಟೇ ಅಲ್ಲ, ಅಶ್ಲೀಲ ಚಿತ್ರ ತೋರಿಸುವುದೂ ಅಪರಾಧ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ಅಪರಾಧವೇ. “ಮನೆ ಮರ್ಯಾದೆ” ಎಂದು ಸುಮ್ಮನಾಗುವ ನಮ್ಮಂಥವರಿಗೆ ಇದು ಗೊತ್ತಿರಬೇಕು.

ಹಾಗಾದರೆ ತಿಳಿಯುವುದು ಹೇಗೆ? ಗಾಯ ಹುಡುಕುವುದನ್ನು ಬಿಟ್ಟು ಮೂರು ಪ್ರಶ್ನೆ ಹಾಕಿಕೊಳ್ಳಿ. ಈ ಜೀವ ಯಾರನ್ನು ಕಂಡರೆ ಮುದುಡುತ್ತದೆ? ಇದಕ್ಕೆ ಸಲ್ಲಬೇಕಾದ ಅನ್ನ, ಔಷಧಿ, ದುಡ್ಡು, ಓದು ಸಲ್ಲುತ್ತಿದೆಯೇ? ತನ್ನ ಕಷ್ಟ ಹೇಳಿಕೊಳ್ಳಲು ಇದಕ್ಕೆ ಒಬ್ಬರಾದರೂ ಇದ್ದಾರೆಯೇ? ಮೂರನೆಯದಕ್ಕೆ “ಇಲ್ಲ” ಎಂದು ಉತ್ತರ ಬಂದರೆ, ಆ ಒಬ್ಬರು ನೀವೇ ಆಗಿ.

ಮಕ್ಕಳ ಸಹಾಯವಾಣಿ 1098, ಹಿರಿಯರದು 14567. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ದಿನಾ ಕಣ್ಣಿಗೆ ಬೀಳಲಿ.